ಗುರವ್ವ ಕೇಳಿದ ತಂಬಿಗೆ ನೀರು

೨೦೨೩ರ ಜುಲೈ ಒಂಬತ್ತು, ಭಾನುವಾರ. ಬೆಳಿಗ್ಗೆ ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ ಗುರವ್ವ ಪ್ರಾರ್ಥನಾಲಯದ ಹೊರಗೆ ಬೇವಿನ ಮರದ ಕೆಳಗೆ ಕುರ್ಚಿಯಲ್ಲಿ ಕೂತಿದ್ದಳು. ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು, ಒಳಗೆ ತಮ್ಮನ ಹೆಂಡತಿ ಹಾಡುತ್ತಿದ್ದ ಹಾಡಿನಲ್ಲಿ ತಪ್ಪು ಹುಡುಕುತ್ತಿದ್ದಳು.

ತಪ್ಪು ಮೂರನೆಯ ಸಾಲಿನಲ್ಲಿ ಸಿಕ್ಕಿತು. ಅಲ್ಲಿ ದನಿ ಒಂದು ಮೆಟ್ಟಿಲು ಏರಬೇಕು. ಮಾಲಾ ಏರಿಸಲಿಲ್ಲ, ಸಮವಾಗಿಯೇ ಎಳೆದುಕೊಂಡು ಹೋದಳು. ಗುರವ್ವನ ಹೊಟ್ಟೆ ಒಂದು ಕ್ಷಣ ತಣ್ಣಗಾಯಿತು. ಮರುಕ್ಷಣ ನೆನಪಾಯಿತು. ಆ ಹಾಡನ್ನು ಜನವರಿಯಲ್ಲಿ ಮಾಲಾಳಿಗೆ ಕಲಿಸಿದವಳು ತಾನೇ, ಮೂರನೆಯ ಸಾಲಿನ ಏರಿಕೆಯನ್ನು ಬೇಕೆಂದೇ ಬಿಟ್ಟು ಕಲಿಸಿದ್ದಳು. ಈಗ ಒಳಗಿದ್ದ ಮೂವತ್ತೆಂಟು ಮಂದಿಯೂ ಹಾಗೆಯೇ ಹಾಡುತ್ತಿದ್ದರು. ಯಾರಿಗೂ ಅದು ತಪ್ಪೆನಿಸಿರಲಿಲ್ಲ.

ಅದು ಅವಳು ಹೊರಗೆ ಕೂತ ಏಳನೆಯ ಭಾನುವಾರ. ಅವಳನ್ನು ಯಾರೂ ಹೊರಗೆ ಹಾಕಿರಲಿಲ್ಲ.

ಇಂಡಿಯಿಂದ ಚಡಚಣಕ್ಕೆ ಹೋಗುವ ದಾರಿಯಲ್ಲಿ, ಕೈ ಮಾಡಿದರೆ ಮಾತ್ರ ಬಸ್ಸು ನಿಲ್ಲುವ ಒಂದು ಊರು ಅವರದು. ಅಲ್ಲಿ ಹತ್ತೊಂಬತ್ತು ಕ್ರೈಸ್ತ ಮನೆಗಳು, ನಾಲ್ಕು ತಲೆಮಾರಿನಿಂದ. ಗುರವ್ವನಿಗೆ ಆಗ ಐವತ್ಮೂರು. ಇಪ್ಪತ್ನಾಲ್ಕಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಮಕ್ಕಳಿರಲಿಲ್ಲ. ಒಂಬತ್ತು ವರ್ಷ ಕಿರಿಯನಾದ ತಮ್ಮ ಕಾಳಪ್ಪನನ್ನು ಅವಳೇ ಓದಿಸಿದಳು, ಅವಳೇ ಮದುವೆ ಮಾಡಿದಳು. ಅವನು ಸಭೆಯ ಉಪದೇಶಿಯಾದ. ಪ್ರತಿ ಭಾನುವಾರದ ಪ್ರಾರ್ಥನೆ, ಬೈಬಲ್ ವಿವರಿಸುವ ಪ್ರಸಂಗ, ಕಾಯಿಲೆಯವರ ಮನೆಗೆ ಹೋಗಿ ಬರುವುದು ಅವನ ಕೆಲಸ. ಯೇಸುವಿನ ನೆನಪಿಗೆ ರೊಟ್ಟಿ ಹಂಚುವ ಪ್ರಭುಭೋಜನ ಕೊಡುವುದಕ್ಕೆ ಮಾತ್ರ ಮೂರು ತಿಂಗಳಿಗೊಮ್ಮೆ ವಿಜಯಪುರದಿಂದ ಸಭಾಪಾಲಕರು ಬರುತ್ತಿದ್ದರು. ಕಾಳಪ್ಪನ ಹೆಂಡತಿ ತೀರಿಕೊಂಡ ಮೇಲೆ ಒಂಬತ್ತು ವರ್ಷ ಗುರವ್ವ ಅವನ ಮನೆ ನಡೆಸಿದಳು.

ಸಭೆಯ ಹಾಡುಗಳೂ ಅವಳವೇ. ಅಲ್ಲಿ ಒಂದು ಹಳೆಯ ನೋಟುಬುಕ್ಕಿತ್ತು, ಅರವತ್ನಾಲ್ಕು ಹಾಡು, ಬರೀ ಪದಗಳು. ಧಾಟಿ ಗುರವ್ವನ ಗಂಟಲಲ್ಲಿತ್ತು. ಅವಳು ಎತ್ತದಿದ್ದರೆ ಹಾಡು ಏಳುತ್ತಿರಲಿಲ್ಲ. ಭಾನುವಾರ ಮಕ್ಕಳ ತರಗತಿಯನ್ನೂ ಹದಿನೆಂಟು ವರ್ಷದಿಂದ ಅವಳೇ ನಡೆಸುತ್ತಿದ್ದಳು.

೨೦೨೨ರ ಡಿಸೆಂಬರಿನಲ್ಲಿ ಕಾಳಪ್ಪ ಮತ್ತೆ ಮದುವೆಯಾದ. ಮಾಲಾ ಚಡಚಣದವಳು, ಮೂವತ್ತಾರರ ವಿಧವೆ, ಮಾತಿನಲ್ಲಿ ಅರ್ಧ ಮರಾಠಿ. ಬಂದ ಮೊದಲ ಭಾನುವಾರ ಎಲ್ಲರ ಜೊತೆ ಕೂತು ಮೆಲ್ಲಗೆ ಹಾಡಿದಳು. ಮುಂದಿನ ಸಾಲಿನವರು ಒಬ್ಬೊಬ್ಬರಾಗಿ ಹಿಂದಿರುಗಿ ನೋಡಿದರು. ಗುರವ್ವ ಎಣಿಸಿದಳು: ಏಳು ಮಂದಿ. ತನ್ನ ಹಾಡಿಗೆ ಇಷ್ಟು ವರ್ಷದಲ್ಲಿ ಒಬ್ಬರೂ ತಿರುಗಿ ನೋಡಿರಲಿಲ್ಲ.

ಮನೆಯಲ್ಲೂ ಹಾಗೆಯೇ. ಹದಿನೈದು ದಿನ ಕಳೆದ ಮೇಲೆ ಕಾಳಪ್ಪ ಊಟಕ್ಕೆ ಕೂತವನು ಅಕ್ಕನ ಕಡೆ ನೋಡಿ, ಇಷ್ಟು ವರ್ಷ ದುಡಿದಿದ್ದೀ, ಇನ್ನು ನೀನು ಆರಾಮಾಗಿ ಕೂತಿರು ಅಂದ. ಒಳ್ಳೆಯ ಮನಸ್ಸಿನಿಂದಲೇ ಅಂದಿದ್ದ. ಅವತ್ತು ಅವನು ಒಂದು ರೊಟ್ಟಿ ಹೆಚ್ಚು ತಿಂದಿದ್ದನ್ನೂ ಗುರವ್ವ ಗಮನಿಸಿದ್ದಳು. ಮರುದಿನ ಹಿಂದಿನ ಕೋಣೆಯಲ್ಲಿ ಬೇರೆ ಒಲೆ ಹೂಡಿದಳು. ಎರಡು ಒಲೆಗಳ ನಡುವೆ ಹನ್ನೊಂದು ಹೆಜ್ಜೆ. ಆ ಕಡೆಯ ಒಗ್ಗರಣೆಯ ವಾಸನೆ ಈ ಕಡೆ ಬಂದರೆ ಅವಳಿಗೆ ಊಟ ಇಳಿಯುತ್ತಿರಲಿಲ್ಲ.

ಫೆಬ್ರವರಿಯಿಂದ ಏಪ್ರಿಲ್ ತನಕ ಆ ಭಾಗದಲ್ಲಿ ಮಣೂಕದ ಕೆಲಸ. ಕೊಯ್ದ ದ್ರಾಕ್ಷಿಯನ್ನು ಕ್ಷಾರ ಮತ್ತು ಎಣ್ಣೆಯ ದ್ರಾವಣದಲ್ಲಿ ಅದ್ದಿ, ಬಲೆಯ ಅಟ್ಟಣಿಗೆಗಳ ಮೇಲೆ ಹರವಿ, ಹದಿನೈದು ದಿನ ನೆರಳಿನಲ್ಲಿ ಒಣಗಿಸುತ್ತಾರೆ. ಆಮೇಲೆ ಹೆಂಗಸರು ಕೈಗವಸು ತೊಟ್ಟು ಉದ್ದನೆಯ ಮೇಜಿನ ಸುತ್ತ ಕೂತು ಕಡ್ಡಿಯನ್ನೂ ಕರಿಕಾಳನ್ನೂ ಆರಿಸುತ್ತಾರೆ. ಆ ಮೂರು ತಿಂಗಳು ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದಲೂ ಹೆಂಗಸರು ಬಂದು ಶೆಡ್ಡಿನಲ್ಲೇ ಉಳಿದು ಕೆಲಸ ಮಾಡುತ್ತಿದ್ದರು. ಗುರವ್ವ ಆ ಶೆಡ್ಡಿನಲ್ಲಿ ಹನ್ನೆರಡು ವರ್ಷದ ಹಳಬಳು. ಅವಳ ಪಕ್ಕದ ಜಾಗ ಅದೇ ಊರಿನ ಯಾಸ್ಮಿನಳದು.

ಮಾರ್ಚ್ ಹದಿನಾಲ್ಕರಂದು ಮಧ್ಯಾಹ್ನದ ಚಹಾದ ಹೊತ್ತಿಗೆ ಯಾಸ್ಮಿನ ಸುಮ್ಮನೆ ಅಂದಳು: “ನಿನ್ನ ತಮ್ಮನ ಹೇಣ್ತಿ ಏನ ಹಾಡತಾಳಕ್ಕಾ. ದಾರ‍್ಯಾಗ ಹೋಗೋರು ಸೈಕಲ್ ಇಳದ ನಿಂತ ಕೇಳ್ತಾರ.”

ಗುರವ್ವ ಕಾಳಿನಿಂದ ಕಣ್ಣು ತೆಗೆಯಲಿಲ್ಲ. “ಹಾಡ್ತಾಳ ಬಿಡು. ಅಕಿ ಮೊದಲಿನ ಗಂಡ ಸತ್ತಿಲ್ಲಂತ. ಮಂಗಳವೇಡಿ ಕಡೆ ಅದಾನಂತ.”

ಹಾಗಂತ ಯಾರೂ ಅಂದಿರಲಿಲ್ಲ. ಆ ಮಾತು ಅವಳ ಬಾಯಿಗೆ ಬಂದದ್ದು ಅದೇ ಗಳಿಗೆಯಲ್ಲಿ. ಆದರೆ ಒಮ್ಮೆ ಹೊರಬಿದ್ದ ಮೇಲೆ ಅದು ಹಾಯಾಗಿತ್ತು. ಆ ವಾರ ಬೇರೆ ಬೇರೆ ಮೇಜಿನ ಹೆಂಗಸರಿಗೆ ಮತ್ತೆ ಮತ್ತೆ ಹೇಳಿದಳು. ಒಂದೊಂದು ಸಲಕ್ಕೆ ಒಂದೊಂದು ವಿವರ ಸೇರಿತು: ಅವನಿಗೆ ಚಹಾದಂಗಡಿ ಇದೆ, ಎಡಗಾಲು ಸ್ವಲ್ಪ ಎಳೆಯುತ್ತಾನೆ. ಐದನೆಯ ಸಲ ಹೇಳುವಷ್ಟರಲ್ಲಿ ಗುರವ್ವನಿಗೇ ಆ ಮನುಷ್ಯನ ಮುಖ ಕಾಣತೊಡಗಿತ್ತು. ಸಂಜೆ ಮನೆಗೆ ಬಂದು ಮಾಲಾಳನ್ನು ನೋಡಿದಾಗ, ಗಂಡ ಬದುಕಿರುವಾಗ ಇನ್ನೊಬ್ಬನ ಮನೆ ಹೊಕ್ಕವಳು ಎಂದು ನಿಜವಾಗಿಯೂ ಸಿಟ್ಟು ಬರುತ್ತಿತ್ತು.

ಏಪ್ರಿಲ್ ಮೂರನೆಯ ವಾರ ಯಾರೋ ಸಭಾಪಾಲಕರಿಗೆ ಫೋನು ಮಾಡಿದರು. ಅವರು ಬಂದು ವಿಚಾರಿಸಿ, ವಿಷಯ ತಿಳಿಯಾಗುವ ತನಕ ಕಾಳಪ್ಪ ಪ್ರಸಂಗ ಮಾಡುವುದು ಬೇಡ ಎಂದರು. ಮಾಲಾ ಅಳಲಿಲ್ಲ. ಮೊದಲ ಗಂಡ ೨೦೧೯ರಲ್ಲಿ ಕಾಮಾಲೆಯಿಂದ ತೀರಿಕೊಂಡಿದ್ದ. ಅವನ ಮರಣ ಪ್ರಮಾಣಪತ್ರದ ನಕಲಿಗೆ ಹತ್ತೊಂಬತ್ತು ದಿನ ಓಡಾಡಿದಳು. ಮೇ ಹದಿನಾಲ್ಕರ ಭಾನುವಾರ ಸಭಾಪಾಲಕರು ಅದನ್ನು ಎಲ್ಲರ ಮುಂದೆ ಓದಿದರು: ಹೆಸರು, ತಂದೆಯ ಹೆಸರು, ದಿನಾಂಕ, ಕಾರಣ. ಓದಿ ಮುಗಿಯುವ ತನಕ ಮಾಲಾ ನಿಂತೇ ಇದ್ದಳು, ಕೂಡು ಎಂದರೂ ಕೂಡಲಿಲ್ಲ. ಹೆಂಗಸರ ಕಡೆಯ ಮೊದಲ ಸಾಲಿನಲ್ಲಿ ಕೂತಿದ್ದ ಗುರವ್ವ ಸೂರಿನ ತಗಡಿನ ಒಂದು ಮೊಳೆಯನ್ನು ನೋಡುತ್ತಿದ್ದಳು. ಅವಳಿಗೆ ನಾಚಿಕೆಯಾಯಿತು. ಆದರೆ ನಾಚಿಕೆಯ ಕೆಳಗೆ ಇನ್ನೊಂದು ಯೋಚನೆಯೂ ಇತ್ತು, ಅದನ್ನು ಮುಂದೆ ತಾನೇ ಒಪ್ಪಿಕೊಂಡಳು: ಈಗ ಇವಳಿಗೆ ಇನ್ನೂ ಹೆಚ್ಚು ಮರ್ಯಾದೆ ಸಿಗುತ್ತದೆ.

ಸುದ್ದಿ ಹಬ್ಬಿಸಿದವರು ಯಾರೆಂದು ಅಂದು ಯಾರೂ ಕೇಳಲಿಲ್ಲ.

ಎಂಟು ದಿನದ ಮೇಲೆ, ಸೋಮವಾರ ಹಿಟ್ಟು ನಾದಿ ಗುರವ್ವ ಕೈ ತೊಳೆದುಕೊಂಡಳು. ಎಡಗೈ ಮೇಲಿನ ಹಿಟ್ಟು ಹೋಗಲಿಲ್ಲ. ಉಜ್ಜಿದಳು. ಅದು ಹಿಟ್ಟಾಗಿರಲಿಲ್ಲ.

ಅವಳಿಗೆ ಏನು ಹೊಳೆಯಿತೆಂದು ತಿಳಿಯಬೇಕಾದರೆ ಅವಳ ಮಕ್ಕಳ ತರಗತಿಯ ಒಂದು ಪಾಠ ಗೊತ್ತಿರಬೇಕು. ಬೈಬಲ್ಲಿನ ಅರಣ್ಯಕಾಂಡದಲ್ಲಿ ಮೋಶೆಯ ಅಕ್ಕ ಮಿರ್ಯಾಮಳ ಕಥೆ ಬರುತ್ತದೆ. ಅವಳು ಹಾಡುವವಳು, ತಮ್ಮನನ್ನು ಕೂಸಿದ್ದಾಗ ಕಾಪಾಡಿದವಳು. ಆ ತಮ್ಮ ಬೇರೆ ದೇಶದ ಹೆಣ್ಣನ್ನು ಮದುವೆಯಾದದ್ದಕ್ಕೆ ಅವಳು ಇನ್ನೊಬ್ಬ ತಮ್ಮ ಆರೋನನ ಜೊತೆ ಸೇರಿ ಅವನ ವಿರುದ್ಧ ಮಾತಾಡಿದಳು. ಕೂಡಲೆ ಅವಳ ಮೈ ಬೆಳ್ಳಗಾಯಿತು. ಏಳು ದಿನ ಅವಳನ್ನು ಪಾಳೆಯದ ಹೊರಗೆ ಇಡಲಾಯಿತು. ಈ ಪಾಠಕ್ಕೆ ಗುರವ್ವ ಒಂದು ಬುಟ್ಟಿ ಜೋಳದ ಹಿಟ್ಟು ತರುತ್ತಿದ್ದಳು. ಮಾತು ಅಲ್ಲಿಗೆ ಬಂದಾಗ ಮೊಣಕೈ ತನಕ ಹಿಟ್ಟಿನಲ್ಲಿ ಅದ್ದಿ ಥಟ್ಟನೆ ಮೇಲೆತ್ತುವಳು. ಮಕ್ಕಳು ಹೋ ಎಂದು ನಗುವರು. ಪಾಠ ಅಲ್ಲಿಗೆ ಮುಗಿಯುತ್ತಿತ್ತು.

ಹದಿನೆಂಟು ವರ್ಷ ತೋರಿಸಿದ ಕೈ ಈಗ ತೊಳೆದರೂ ಹೋಗದ ಹಾಗೆ ಬಂದಿತ್ತು. ಅಕ್ಕ, ತಮ್ಮ, ತಮ್ಮನ ಹೆಂಡತಿ, ಹಾಡು, ಆಡಿದ ಮಾತು, ಎಲ್ಲ ಒಂದಕ್ಕೊಂದು ಕೂಡಿಕೊಂಡವು. ಅವಳಿಗೆ ಸಂಶಯವೇ ಉಳಿಯಲಿಲ್ಲ. ತನ್ನಂಥವಳಿಗೆ ಏಳು ದಿನ ಸಾಲದು, ದಿನಕ್ಕೊಂದು ಭಾನುವಾರ ಎಂದು ತಾನೇ ಲೆಕ್ಕ ಹಾಕಿದಳು. ಮೊಣಕಾಲು ನೋವು, ಕೆಳಗೆ ಕೂಡಲಾಗುವುದಿಲ್ಲ ಎಂದು ತಮ್ಮನಿಗೆ ನೆವ ಹೇಳಿ ಮೇ ಇಪ್ಪತ್ತೆಂಟರಿಂದ ಹೊರಗೆ ಕೂತಳು. ಕಾಳಪ್ಪ ಬೇವಿನ ಕೆಳಗೆ ಒಂದು ಕುರ್ಚಿ ತಂದಿಟ್ಟ. ಅವಳ ಬದಲು ಮಾಲಾ ಹಾಡು ಎತ್ತಿದಳು. ಶಿಕ್ಷೆಯಲ್ಲಿ ಎಲ್ಲಕ್ಕಿಂತ ಕಷ್ಟದ ಭಾಗ ಅದೇ ಆಗಿತ್ತು.

ಜುಲೈ ಹದಿನಾರು ಎಂಟನೆಯ ಭಾನುವಾರ. ಬೆಳಕು ಹರಿಯುವ ಮೊದಲೇ ಎದ್ದು, ಕೈ ತೊಳೆದು, ಬಾಗಿಲಿಗೆ ಬಂದು ನೋಡಿದಳು. ಕಲೆ ಹೋಗಿರಲಿಲ್ಲ. ಮೊದಲು ಒಂದು ಜೋಳದ ಕಾಳಿನಷ್ಟಿದ್ದದ್ದು ಈಗ ಒಂದು ಬೆಂಕಿಕಡ್ಡಿಯ ಉದ್ದ ಬೆಳೆದಿತ್ತು. ಬಲಗೈಗೂ ಬಂದಿತ್ತು. ಅವಳು ಮತ್ತೆ ಬೇವಿನ ಕೆಳಗೆ ಹೋಗಿ ಕೂತಳು.

ಮರುದಿನ ಶೆಡ್ಡಿನಲ್ಲಿ ಕೆಲಸವಿತ್ತು. ಮಳೆಗಾಲದಲ್ಲಿ ಶೈತ್ಯಾಗಾರದಿಂದ ಮಣೂಕ ತರಿಸಿ ಮತ್ತೆ ಆರಿಸಿ ಪೆಟ್ಟಿಗೆಗೆ ತುಂಬುತ್ತಾರೆ. ಊರಿನ ಕೆಲವು ಹೆಂಗಸರಷ್ಟೇ ಇರುತ್ತಾರೆ. ಕೈಗವಸು ಹಾಕಿಕೊಳ್ಳುವಾಗ ಯಾಸ್ಮಿನ ಅವಳ ಸೆರಗು ಸರಿಸಿ ಕೈ ನೋಡಿಬಿಟ್ಟಳು.

“ಅಯ್ಯ, ಇದಕ್ಕೇನ ಎರಡ ತಿಂಗಳ ಮುಚ್ಚಿಕೊಂಡ ಅಡ್ಡಾಡಿದ್ದು?” ಎಂದು ತನ್ನ ಎರಡೂ ಕೈ ಮೇಜಿನ ಮೇಲೆ ಚಾಚಿದಳು. ಅವಳ ಕೈಗಳ ಮೇಲೂ ಅಂಥದೇ ಕಲೆಗಳಿದ್ದವು. ಗುರವ್ವ ತಡವರಿಸುತ್ತ ಮಿರ್ಯಾಮಳ ಕಥೆ ಹೇಳಿ, ಚಾಡಿ ಹೇಳಿದವರಿಗೆ ದೇವರು ಹೀಗೆ ಮಾಡುತ್ತಾನೆ ಅಂದಳು. ಯಾಸ್ಮಿನ ಕೇಳಿಸಿಕೊಂಡಳು.

“ನಿಂದ ದೇವರ ಶಿಕ್ಷಾ ಅಂದ್ರ ನಂದೇನ ಮತ್ತ? ನಾ ಯಾರ ಮ್ಯಾಲ ಚಾಡಿ ಹೇಳೀನಿ? ಇಬ್ಬರೂ ಒಂದ ಡಬ್ಬೀ ಗ್ಲೌಸ ಹಾಕ್ಕೊಂಡೇವಿ, ಅಷ್ಟ. ನಡಿ ನಾಳೆ ಡಾಕ್ಟರ ಕಡೆ.”

ವಿಜಯಪುರದ ಚರ್ಮದ ವೈದ್ಯೆ ಇಬ್ಬರ ಕೈಗಳನ್ನೂ ಅಕ್ಕಪಕ್ಕ ಇಡಿಸಿ ನೋಡಿದರು. ಬಿಳಿ ಕಲೆಗಳು ಬೆರಳುಗಳಿಂದ ಶುರುವಾಗಿ ಮಣಿಕಟ್ಟಿನ ಮೇಲೆ ಎರಡು ಬೆರಳಿನಷ್ಟು ಹೋಗಿ ನಿಂತಿದ್ದವು. ನಾಲ್ಕೂ ಕೈಗಳಲ್ಲಿ ಅದೇ ಜಾಗಕ್ಕೆ, ಗೆರೆ ಎಳೆದ ಹಾಗೆ. ಕೈಗವಸಿನ ಬಾಯಿ ಮುಗಿಯುವ ಜಾಗ ಅದು. ಕೆಲವು ರಬ್ಬರಿನಲ್ಲಿ ಬೆರೆಸುವ ಒಂದು ರಾಸಾಯನಿಕ ಬೆವರಿನ ಜೊತೆ ಚರ್ಮಕ್ಕಿಳಿದು, ಬಣ್ಣ ತಯಾರಿಸುವ ಜೀವಕೋಶಗಳನ್ನು ಕೊಲ್ಲುತ್ತದೆ ಎಂದು ಅವರು ವಿವರಿಸಿದರು. ಇದು ಅಂಟುರೋಗವಲ್ಲ. ಕೈಗವಸು ಬಿಟ್ಟು ಮುಲಾಮು ಹಚ್ಚಿದರೆ ಬಣ್ಣ ಸ್ವಲ್ಪ ಸ್ವಲ್ಪವಾಗಿ ಬರಬಹುದು, ಪೂರ್ತಿ ಬರುತ್ತದೆಂದು ಹೇಳಲಾಗುವುದಿಲ್ಲ.

“ಹಂಗಾರ ಇದು ದೇವರ ಕೊಟ್ಟದ್ದಲ್ಲೇನ್ರಿ?” ಎಂದು ಗುರವ್ವ ಕೇಳಿದಳು.

ವೈದ್ಯೆ ನಗಲಿಲ್ಲ. “ನಾ ಗ್ಲೌಸಿನ ಸುದ್ದಿ ಅಷ್ಟ ಹೇಳಬಲ್ಲೆರಿ” ಅಂದರು.

ಇಂಡಿಗೆ ಮರಳುವ ಬಸ್ಸಿನಲ್ಲಿ ಯಾಸ್ಮಿನ ಹುರಿದ ಶೇಂಗಾ ಕೊಂಡು ಸಿಪ್ಪೆ ಸುಲಿಯುತ್ತ ಹರಟುತ್ತಿದ್ದಳು. ಗುರವ್ವ ಕಿಟಕಿಯ ಕಡೆ ತಿರುಗಿ ಅಳುತ್ತಿದ್ದಳು. ಯಾಸ್ಮಿನಳಿಗೆ ಅರ್ಥವಾಗಲಿಲ್ಲ. ಸಿಹಿಸುದ್ದಿಗೆ ಯಾರಾದರೂ ಅಳುತ್ತಾರೆಯೇ?

ಗುರವ್ವನ ಲೆಕ್ಕ ಬೇರೆಯಿತ್ತು. ಎರಡು ತಿಂಗಳು ಅವಳು ಆ ಕಲೆಗಳನ್ನು ದ್ವೇಷಿಸಿದ್ದಳು, ಆದರೆ ಅವುಗಳ ಮೇಲೆ ಒರಗಿಕೊಂಡೂ ಇದ್ದಳು. ದೇವರು ಹೊಡೆದಿದ್ದಾನೆ ಎಂದರೆ ತಪ್ಪಿಗೆ ತಕ್ಕದ್ದು ಆಗುತ್ತಿದೆ ಎಂದರ್ಥ. ಮಾಲಾಳ ಮುಂದೆ ಹೋಗಿ ಬಾಯಿ ಬಿಡುವ ಅಗತ್ಯ ಉಳಿಯುವುದಿಲ್ಲ. ಈಗ ಶಿಕ್ಷೆ ಕೈಗವಸಿನ ಪಾಲಾಯಿತು. ತಪ್ಪು ಮಾತ್ರ ಆಡಿದ ದಿನ ಇದ್ದಷ್ಟೇ ಉಳಿಯಿತು. ಪಕ್ಕದಲ್ಲಿ ಶೇಂಗಾ ತಿನ್ನುತ್ತಿದ್ದ ಯಾಸ್ಮಿನಳ ಮೇಲೂ ಅವಳಿಗೆ ಹೊಟ್ಟೆಕಿಚ್ಚಾಯಿತು. ಅವಳ ಕೈ ಬರೀ ಕೈಯಾಗಿತ್ತು.

ಆ ಸಭೆಯಲ್ಲಿ ಒಂದು ಪದ್ಧತಿಯಿದೆ. ಪ್ರಭುಭೋಜನದ ಹಿಂದಿನ ಶನಿವಾರ ಸಂಜೆ, ಯಾರ ಜೊತೆ ಜಗಳವಿದೆಯೋ ಅವರ ಬಾಗಿಲಿಗೆ ಹೋಗಿ ತಪ್ಪು ಹೇಳಿ ನೀರು ಕೇಳಬೇಕು. ಅವರು ಕೊಟ್ಟರೆ, ಇವರು ಕುಡಿದರೆ, ಅಲ್ಲಿಗೆ ಮುಗಿಯಿತು. ನೀರನ್ನು ಮೇಲಿಂದ ಬೊಗಸೆಗೆ ಸುರಿಯುವಂತಿಲ್ಲ, ತಂಬಿಗೆಯನ್ನೇ ಕೈಗೆ ಕೊಡಬೇಕು. ಊರ ಬಾವಿಯಿಂದ ದೂರ ನಿಂತು ಬೊಗಸೆಯೊಡ್ಡಿದ ಅಜ್ಜ ಅಜ್ಜಿಯರು ಮಾಡಿಟ್ಟ ನಿಯಮ ಅದು. ಕೇಳದವರು ರೊಟ್ಟಿ ಮುರಿಯುವ ಮೇಜಿಗೆ ಬರುವುದಿಲ್ಲ. ಕೇಳಿದರೂ ಕೊಡದವರು ಸಹ ಬರುವಂತಿಲ್ಲ.

ಆಗಸ್ಟ್ ಐದರಂದು ಸಂಜೆ ಐದೂ ನಲವತ್ತಕ್ಕೆ ಗುರವ್ವ ತನ್ನ ಕೋಣೆಯಿಂದ ಹೊರಟಳು. ಹನ್ನೊಂದು ಹೆಜ್ಜೆಯ ಒಳದಾರಿಯಿಂದ ಹೋಗಲಿಲ್ಲ. ಹೊರಗೆ ಸುತ್ತು ಹಾಕಿ, ಪರರ ಹಾಗೆ ಮುಂಬಾಗಿಲಿಗೆ ಬಂದಳು. ಕೈ ಮುಚ್ಚಿಕೊಂಡಿರಲಿಲ್ಲ. ಕಾಳಪ್ಪ ಮನೆಯಲ್ಲಿರಲಿಲ್ಲ. ಮಾಲಾ ಹೊರಬಂದಳು.

“ಮಾಲವ್ವ, ನೀರ ಕೇಳಾಕ ಬಂದೀನಿ. ಆ ಮಾತ ಹುಟ್ಟಿಸಿದಾಕಿ ನಾನ.”

“ನನಗ ಗೊತ್ತಿತ್ತ್ರಿ ಅಕ್ಕಾರ” ಅಂದಳು ಮಾಲಾ. ಒಳಗೆ ಹೋಗಿ ತಂಬಿಗೆ ತುಂಬಿ ತಂದಳು. ಕೊಡುವ ಮೊದಲು ಕೇಳಿದಳು: “ಎಷ್ಟ ಮಂದಿಗೆ ಹೇಳಿದ್ರಿ?”

ಗುರವ್ವ ತಂಬಿಗೆಯತ್ತ ನೋಡಿದಳು. ಮಾಲಾಳ ಕೈಯಲ್ಲಿದ್ದದ್ದು ತನ್ನ ಅವ್ವನ ತಾಮ್ರದ ತಂಬಿಗೆ, ಹುಣಸೆಹಣ್ಣಿನಿಂದ ತಿಕ್ಕಿ ಬೆಳಗಿದ್ದು. ತಾನು ಇದ್ದಾಗ ಅದು ಇಷ್ಟು ಹೊಳೆದದ್ದು ಅವಳಿಗೆ ನೆನಪಿರಲಿಲ್ಲ. “ಒಬ್ಬರಿಗೆ” ಅಂದುಬಿಟ್ಟಳು.

ಮಾಲಾ ತಂಬಿಗೆಯನ್ನು ಕಟ್ಟೆಯ ಮೇಲೆ ಇಟ್ಟಳು.

“ಒಬ್ಬರಿಗೆ ಹೇಳಿದ್ರ ಹೂವಿನ ಹಿಪ್ಪರಗಿಯಿಂದ ನಮ್ಮ ಅವ್ವಗ ಫೋನ್ ಬರತಿರಲಿಲ್ಲ. ಅಕಿ ಮೂರ ದಿನ ಉಂಡಿಲ್ಲ. ನೀವ ಕೈ ತೋರಿಸಿದ್ರ ನನಗೇನ ಸಿಕ್ಕತೈತಿ? ಎಣಿಸ್ಕೊಂಡ ಬರ್ರಿ.”

ಮರುದಿನ ಪ್ರಭುಭೋಜನದಲ್ಲಿ ಗುರವ್ವ ಬೇವಿನ ಕೆಳಗೇ ಇದ್ದಳು. ಅಲ್ಲಿಂದ ತೆರೆದ ಬಾಗಿಲಿನಲ್ಲಿ ಒಳಗಿನ ಕೊನೆಯ ಸಾಲು ಕಾಣುತ್ತಿತ್ತು. ಹಾಡು ಎತ್ತಿ ಮುಗಿಸಿದ ಮಾಲಾ ಬಂದು ಅಲ್ಲಿ ಕೂತಳು, ಎಲ್ಲರೂ ಎದ್ದು ಮೇಜಿಗೆ ಹೋದಾಗ ಏಳಲಿಲ್ಲ. ನೀರು ಕೊಡದವಳು ಅವಳೂ ಆಗಿದ್ದಳು. ಉಪದೇಶಿಯ ಹೆಂಡತಿ, ಉಪದೇಶಿಯ ಅಕ್ಕ, ಇಬ್ಬರಿಗೂ ಅಂದು ರೊಟ್ಟಿಯಿಲ್ಲ. ಊರಿಗೆ ಎಲ್ಲ ತಿಳಿಯಿತು.

ಕಾಳಪ್ಪ ಒಂಬತ್ತು ದಿನ ಅಕ್ಕನ ಜೊತೆ ಮಾತಾಡಲಿಲ್ಲ. ಹತ್ತನೆಯ ದಿನ ಅರ್ಧ ಚೀಲ ಜೋಳ ಹೊತ್ತು ತಂದು ಅವಳ ಕೋಣೆಯಲ್ಲಿಳಿಸಿ, ಹೊಸ್ತಿಲ ಮೇಲೆ ಕೂತ.

“ಅಕ್ಕಾ, ಆ ಕಥಿ ನೀ ಯಾವಾಗಲೂ ಅರ್ಧಕ್ಕ ನಿಲ್ಲಸ್ತಿ. ಹಿಟ್ಟಿನ ಕೈ ತೋರಿಸಿ ಬಿಟ್ಟಬಿಡ್ತಿ. ಅಕಿ ಸಲವಾಗಿ ಬೇಡ್ಕೊಂಡಾಂವ ಮೋಶೆನ. ಮತ್ತ ಆ ಏಳ ದಿನ ಮಂದಿ ಮುಂದಕ್ಕ ಹೆಜ್ಜಿ ಇಡಲಿಲ್ಲ. ಅಕಿ ಒಳಗ ಬರೂ ತನಕ ಕಾದ್ರು.”

ಅವನು ಸಮಾಧಾನಕ್ಕೆ ಹೇಳಿದನೋ ಸಿಟ್ಟಿನಿಂದಲೋ ಗುರವ್ವನಿಗೆ ಗೊತ್ತಾಗಲಿಲ್ಲ. ಆದರೆ ಅವತ್ತೇ ಒಂದು ಹಾಳೆಯಲ್ಲಿ ಹೆಸರು ಬರೆಯಲು ಕೂತಳು. ಯಾವ ಮೇಜು, ಯಾವ ದಿನ, ಪಕ್ಕದಲ್ಲಿ ಯಾರಿದ್ದರು ಎಂದು ನೆನೆನೆನೆದು ಬರೆದಳು. ಹತ್ತು ಹೆಸರಾದವು. ಮೂವರು ತನ್ನ ಊರಿನವರು, ಉಳಿದವರು ನಾಲ್ಕು ತಾಲ್ಲೂಕುಗಳಲ್ಲಿ ಚದುರಿದ್ದರು. ಬಸ್ಸಿನಲ್ಲಿ ಹೆಂಗಸರಿಗೆ ಆಧಾರ್ ತೋರಿಸಿದರೆ ಸಾಕಾಗಿತ್ತು. ವಾರಕ್ಕೊಂದು ದಿನ ರಜೆ ಹಾಕಿ ಹೊರಟಳು.

ಮೊದಲು ಯಾಸ್ಮಿನ. ಅವಳು ಕೇಳಿ, ತಾನು ಅವತ್ತೇ ನಂಬಿರಲಿಲ್ಲ, ಆದರೆ ಅತ್ತೆಗೆ ಹೇಳಿದ್ದು ನಿಜ ಅಂದಳು. ಅತ್ತೆಯನ್ನೂ ಕರೆದು ಕೂಡಿಸಿ ಎರಡನೆಯ ಸಲ ಹೇಳಿಸಿದಳು. ಆಮೇಲೆ, ಇಷ್ಟು ದೊಡ್ಡ ಸುಳ್ಳಿನ ಮುಂದೆ ತನ್ನ ಕೈಗೆ ಏನೂ ಆಗಿಲ್ಲವೆಂದೇ ಲೆಕ್ಕ ಅಂತ ಛೇಡಿಸಿದಳು.

ಸಿಂದಗಿ ತಾಲ್ಲೂಕಿನ ಕನ್ನೊಳ್ಳಿಯಲ್ಲಿ ಇಂದ್ರಾಬಾಯಿ ಅವಳನ್ನು ಸಂಭ್ರಮದಿಂದ ಕೂಡಿಸಿ ಚಹಾ ಕೊಟ್ಟಳು. ಮಾತು ತೆಗೆದರೆ ಅವಳಿಗೆ ಯಾವ ಮಾಲಾ, ಯಾವ ಗಂಡ, ಒಂದೂ ನೆನಪಿರಲಿಲ್ಲ. ಸುಳ್ಳನ್ನು ಹಿಂತೆಗೆದುಕೊಳ್ಳಬೇಕಾದರೆ ಅದನ್ನು ಮೊದಲಿನಿಂದ ಮತ್ತೆ ಹೇಳಬೇಕಾಯಿತು: ಮಂಗಳವೇಡಿ, ಚಹಾದಂಗಡಿ, ಎಳೆಯುವ ಎಡಗಾಲು. ಹೇಳುವಾಗ ಅದು ಎಷ್ಟು ಚೆನ್ನಾಗಿ ಹೊಂದಿಕೊಂಡಿದೆಯೆಂದು ಗುರವ್ವನಿಗೇ ಹೆದರಿಕೆಯಾಯಿತು. ಇಂದ್ರಾಬಾಯಿ ಕೊನೆಯಲ್ಲಿ, ಅಂದರೆ ಗಂಡ ಸತ್ತಿದ್ದಾನೋ ಇಲ್ಲವೋ ಎಂದು ಕೇಳಿದಳು. ಸತ್ತಿದ್ದಾನೆ ಎಂದು ಮೂರು ಸಲ ಹೇಳಿ ಎದ್ದು ಬಂದಳು.

ಹೂವಿನ ಹಿಪ್ಪರಗಿಯ ಜೋಹರಾಬಿಗೆ ಎಲ್ಲ ನೆನಪಿತ್ತು. ಅವಳ ಅಕ್ಕನನ್ನು ಚಡಚಣಕ್ಕೆ ಕೊಟ್ಟಿದ್ದರು. ಆ ಅಕ್ಕನಿಂದ ನಂಬರು ತೆಗೆದುಕೊಂಡು ಇವಳೇ ಮಾಲಾಳ ತಾಯಿಗೆ ಫೋನು ಮಾಡಿದ್ದಳು. ನಿನ್ನ ಮಾತು ನಂಬಿ ನಾನು ಒಬ್ಬ ಮುದುಕಿಯ ಹೊಟ್ಟೆ ಉರಿಸಿದೆ ಎಂದು ಜೋಹರಾಬಿ ಬೈದಳು. ಅಲ್ಲಿಯೇ ಫೋನು ಹಚ್ಚಿ ಗುರವ್ವನ ಕೈಗೆ ಕೊಟ್ಟಳು. ಮಾಲಾಳ ತಾಯಿ ಆ ಕಡೆಯಿಂದ ಪೂರ್ತಿ ಕೇಳಿದಳು. ಆಮೇಲೆ, ನನ್ನ ಮಗಳು ಅಲ್ಲಿ ಹೊಟ್ಟೆ ತುಂಬ ಉಣ್ಣುತ್ತಾಳೋ ಎಂದಷ್ಟೇ ವಿಚಾರಿಸಿದಳು. ಗುರವ್ವ ಹೌದೆಂದಳು. ನಿಜವಾಗಿ ಅವಳು ನೋಡಿರಲಿಲ್ಲ. ಮನೆಗೆ ಬಂದ ಮೇಲೆ ಮೊದಲ ಸಲ ನೋಡಿದಳು. ಮಾಲಾ ಗಂಡನಿಗೆ ಬಡಿಸಿ, ಒಲೆಯ ಮುಂದೆ ಒಬ್ಬಳೇ ಕೂತು, ಒಂದು ರೊಟ್ಟಿ ತಿನ್ನುತ್ತಿದ್ದಳು.

ಹಾಗೆಂದು ಮತ್ಸರ ಕರಗಲಿಲ್ಲ. ಮುದ್ದೇಬಿಹಾಳದ ಬಸ್‌ ನಿಲ್ದಾಣದಲ್ಲಿ ಎರಡು ತಾಸು ಕಾಯುತ್ತ ಗುರವ್ವ ಯೋಚಿಸುತ್ತಿದ್ದಳು: ಅವಳ ಹೆಸರು ತೊಳೆಯಲು ನಾನು ಧೂಳು ತಿನ್ನುತ್ತಿದ್ದೇನೆ, ಅವಳು ನೆರಳಿನಲ್ಲಿ ಕೂತು ಹಾಡುತ್ತಿದ್ದಾಳೆ. ಅಲ್ಲಿಂದ ಹಳ್ಳಿಗೆ ಹೋಗಿ ಹುಡುಕಿದ ಹೆಂಗಸು ಹತ್ತಿ ಹೊಲದಲ್ಲಿ ಸಿಕ್ಕಳು. ಎಲ್ಲ ಕೇಳಿ, ಬಿಡಿಸಿದ ಹತ್ತಿಯನ್ನು ಉಡಿಯಲ್ಲಿ ಹಿಡಿದುಕೊಂಡೇ, ತಾನೂ ತನ್ನ ನೆಗೆಣ್ಣಿಯ ಮೇಲೆ ಇಂಥದೇ ಒಂದು ಮಾತು ಹೇಳಿದ್ದೇನೆ, ಆದರೆ ತಾನು ಯಾರ ಮನೆಗೂ ಹೋಗುವವಳಲ್ಲ ಅಂದು ನಕ್ಕಳು. ಗುರವ್ವನಿಗೆ ಅವಳ ಮೇಲೂ ಹೊಟ್ಟೆಕಿಚ್ಚಾಯಿತು. ಬಸವನ ಬಾಗೇವಾಡಿಯಲ್ಲಿ ಒಬ್ಬಳು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿ ಕಳಿಸಿದಳು. ಚಡಚಣದಲ್ಲಿದ್ದ ಕೊನೆಯವಳು ಅಕ್ಟೋಬರ್ ಇಪ್ಪತ್ತೆಂಟರಂದು ಸಿಕ್ಕಳು.

ಆ ಹೊತ್ತಿಗೆ ಎಡಗೈಯ ಬಿಳುಪಿನ ನಡುವೆ, ರೋಮಗಳ ಬುಡದಲ್ಲಿ ಸಾಸಿವೆಯಷ್ಟು ಕಂದು ಚುಕ್ಕೆಗಳು ಮೂಡಿದ್ದವು. ಯಾಸ್ಮಿನಳ ಕೈಯಲ್ಲೂ ಮೂಡಿದ್ದವು. ಇಬ್ಬರೂ ಒಂದೇ ಮುಲಾಮು ಹಚ್ಚುತ್ತಿದ್ದರು. ಗುರವ್ವ ಅದರಲ್ಲಿ ಬೇರೆ ಅರ್ಥ ಹುಡುಕಲಿಲ್ಲ.

ನವೆಂಬರ್ ನಾಲ್ಕು, ಶನಿವಾರ ಸಂಜೆ, ಅದೇ ಮುಂಬಾಗಿಲು. ಮಾಲಾ ಅದೇ ತಂಬಿಗೆ ಹಿಡಿದು ನಿಂತಳು. ಈ ಸಲ ಪ್ರಶ್ನೆ ಕೇಳುವ ಮೊದಲೇ ಗುರವ್ವ ಹೆಸರು ಹೇಳತೊಡಗಿದಳು, ಊರಿನ ಸಮೇತ. ಮಾಲಾ ಬೆರಳಿನ ಗೆಣ್ಣುಗಳ ಮೇಲೆ ಎಣಿಸಿದಳು. ಹತ್ತಾದ ಮೇಲೆ ತಂಬಿಗೆ ಮುಂದೆ ಚಾಚಿದಳು.

ಗುರವ್ವ ಕೈ ಚಾಚಲಿಲ್ಲ. “ತಡಿ. ಇನ್ನೊಬ್ಬಾಕಿ ಅದಾಳ.”

“ಯಾರ್ರಿ?”

“ನಾನ. ಹೇಳಿ ಹೇಳಿ ನಾನೂ ನಂಬಿಬಿಟ್ಟಿದ್ದೆ. ಆ ಕುಂಟನ ಮಾರಿ ನನಗ ಕಾಣತಿತ್ತು. ನಿನ್ನ ನೋಡಿದಾಗೊಮ್ಮೆ ಅಂವ ನೆನಪಾಗ್ತಿದ್ದ. ಇಂದ್ರಾಬಾಯಿಗೆ ಸತ್ತಾನ ಅಂತ ಮೂರ ಸಲ ಹೇಳಿ ಬಂದೆ, ಅದು ನನಗ ನಾನ ಹೇಳ್ಕೊಂಡದ್ದು.”

ಮಾಲಾ ಚಾಚಿದ ತಂಬಿಗೆಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. “ನನ್ನ ಮನಸ ಇನ್ನೂ ಪೂರ್ತಿ ತಿಳಿ ಆಗಿಲ್ಲರಿ ಅಕ್ಕಾರ. ಸುಳ್ಳ್ಯಾಕ ಹೇಳ್ಲಿ” ಅಂದಳು. “ಆದ್ರ ನೀರ ಕುಡೀರಿ.” ತಂಬಿಗೆಯನ್ನು ಎರಡೂ ಬಿಳಿ ಕೈಗಳ ನಡುವೆ ಇಟ್ಟಳು. ತಂಬಿಗೆ ಗುರವ್ವನ ಕೈಯಲ್ಲಿ ನಿಲ್ಲುವ ತನಕ ಅವಳು ತನ್ನ ಕೈ ತೆಗೆಯಲಿಲ್ಲ. ಗುರವ್ವ ಪೂರ್ತಿ ಕುಡಿದಳು.

ಮರುದಿನ ಇಬ್ಬರೂ ಒಂದೇ ಸಾಲಿನಲ್ಲಿ ರೊಟ್ಟಿ ತೆಗೆದುಕೊಂಡರು. ಬೇವಿನ ಕೆಳಗಿನ ಕುರ್ಚಿಯನ್ನು ಕಾಳಪ್ಪ ಒಳಗೆ ತಂದು ಗೋಡೆಗಿಟ್ಟ. ಆ ವಾರ ಗುರವ್ವ ಮೂರನೆಯ ಸಾಲಿನ ಏರಿಕೆಯನ್ನು ಮಾಲಾಳಿಗೆ ಸರಿಯಾಗಿ ಕಲಿಸಿದಳು. ಮಾಲಾ ಎರಡೇ ಸಲಕ್ಕೆ ಕಲಿತಳು. ತನಗೆ ಅದೇ ಏರಿಕೆ ಕೈಸೇರಲು ಒಂದು ತಿಂಗಳು ಬೇಕಾಗಿತ್ತೆಂದು ನೆನಪಾಗಿ ಗುರವ್ವನ ಎದೆಯೊಳಗೆ ಹಳೆಯ ಉರಿ ಮತ್ತೆ ಹತ್ತಿತು. ಎದ್ದು ಒಳಗೆ ಹೋಗಿ ನೀರು ಕುಡಿದು ಬಂದು, ಮುಂದಿನ ಹಾಡು ಹೇಳಿಕೊಟ್ಟಳು.

ನವೆಂಬರ್ ಹತ್ತೊಂಬತ್ತರ ಮಕ್ಕಳ ತರಗತಿಗೆ ಅವಳು ಹಿಟ್ಟಿನ ಬುಟ್ಟಿ ತರಲಿಲ್ಲ. ಮಿರ್ಯಾಮಳ ಕಥೆಯನ್ನು ಈ ಸಲ ಪೂರ್ತಿ ಹೇಳಿದಳು: ಮೋಶೆ ಬೇಡಿಕೊಂಡದ್ದು, ಏಳು ದಿನ ಜನ ಕಾದದ್ದು, ಅವಳು ಒಳಗೆ ಬಂದ ಮೇಲೆ ಎಲ್ಲರೂ ಹೊರಟದ್ದು. ಕೈಗಳನ್ನು ಚಾಚಿ ತೋರಿಸಿ, ಇದು ರಬ್ಬರಿನಿಂದ ಬಂದದ್ದು, ದೇವರಿಂದಲ್ಲ, ಇಂಥ ಕೈ ಇದ್ದವರನ್ನು ಕಂಡರೆ ಯಾರೂ ಹಾಗೆ ಅನ್ನಬಾರದು ಎಂದಳು. ಆದರೆ ಮಿರ್ಯಾಮಳ ಹಾಗೆ ತಮ್ಮನ ಹೆಂಡತಿಯ ಮೇಲೆ ನಾನೂ ಇಲ್ಲದ ಮಾತು ಆಡಿದ್ದೆ ಎಂದಳು. ಮುಂದೆ ಕೂತಿದ್ದ ಒಬ್ಬ ಹುಡುಗಿ, ಮಿರ್ಯಾಮ ಎಷ್ಟು ಮಂದಿಗೆ ಹೇಳಿದ್ದಳು ಎಂದು ಕೇಳಿದಳು. ಪುಸ್ತಕದಲ್ಲಿರುವುದು ಒಬ್ಬನೇ, ಆರೋನ, ಎಂದು ಗುರವ್ವ ಉತ್ತರಿಸಿದಳು. ಮತ್ತೆ ನೀವು ಎಂದು ಹುಡುಗಿ ಬಿಡಲಿಲ್ಲ. ಹಿಂದಿನ ಸಾಲಿನಲ್ಲಿ ಮಾಲಾ ಹಾಡಿನ ನೋಟುಬುಕ್ಕು ಹಿಡಿದು ಕೂತಿದ್ದಳು. ಗುರವ್ವ ಅವಳ ಕಡೆ ಒಮ್ಮೆ ನೋಡಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

“ಹನ್ನೊಂದು.”